ಸೈರನ್ ಕೇಳಿಸದ ಮನೆಗೆ ಸ್ಕ್ಯಾನರ್ ಆರಿಸಿದ್ದು ಹೀಗೆ

ಉತ್ತರ ಟೆಕ್ಸಸ್‌ನ ಪ್ಲೇನೊ, ಫ್ರಿಸ್ಕೊ ಕಡೆ ನೆಲೆಸಿರುವ ನಮ್ಮವರು ವಸಂತ ಬಂತೆಂದರೆ ಕೇಳುವ ಪ್ರಶ್ನೆ ಒಂದೇ: ಸುಂಟರಗಾಳಿ ಬಂದರೆ ಕೂಗಲು ಊರಿನ ಸೈರನ್ ಇದೆಯಲ್ಲ, ಇನ್ನು ರೇಡಿಯೊ ಯಾಕೆ? ಕಂಬದ ಮೇಲಿನ ಸೈರನ್ ಮನೆಯ ಹೊರಗಿರುವವರಿಗಾಗಿ ಇಟ್ಟದ್ದು. ಎರಡು ಪದರದ ಗಾಜು, ಓಡುತ್ತಿರುವ ಏಸಿ, ಮುಚ್ಚಿದ ಬಾಗಿಲು ಇದ್ದರೆ ಒಳಗೆ ಮಲಗಿದವರಿಗೆ ಅದು ಕೇಳಿಸೀತು ಎಂದು ನಂಬಿ ಕೂರಲಾಗದು. 2019ರ ಅಕ್ಟೋಬರ್ 20ರಂದು ಡಾಲಸ್‌ನ ಉತ್ತರ ಭಾಗಕ್ಕೆ ಇಎಫ್3 (ಸೊನ್ನೆಯಿಂದ ಐದರ ಅಳತೆಯಲ್ಲಿ ಮೂರು) ತೀವ್ರತೆಯ ಸುಂಟರಗಾಳಿ ಬಡಿದದ್ದು ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ, ಜನ ಮನೆಯೊಳಗಿರುವ ವೇಳೆಯಲ್ಲಿ.

ನಾನು ಕೊಂಡ ಮೊದಲ ಉಪಕರಣ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಯ ರೇಡಿಯೊ ಮಾತು ಹಿಡಿದು ಕೇಳಿಸುವ ಸ್ಕ್ಯಾನರ್ ಅಲ್ಲ, ಹವಾಮಾನದ ಎಚ್ಚರಿಕೆ ಬಂದಾಗ ತಾನೇ ಕೂಗುವ, ಮೂವತ್ತು ನಲವತ್ತು ಡಾಲರಿನ ವೆದರ್ ರೇಡಿಯೊ. ಬೇರೆಯವರಿಗೂ ಇದೇ ಕ್ರಮ ಹೇಳುತ್ತೇನೆ. ಸ್ಕ್ಯಾನರ್ ಎಚ್ಚರಿಸುವ ಯಂತ್ರವಲ್ಲ, ಆಗುತ್ತಿರುವುದನ್ನು ತಿಳಿಸುವ ಯಂತ್ರ. ಎಬ್ಬಿಸುವ ಕೆಲಸ ವೆದರ್ ರೇಡಿಯೊದ್ದು. ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಈ ಪ್ರಸಾರಕ್ಕೆ ಏಳೇ ತರಂಗಾಂತರಗಳಿವೆ, 162.400ರಿಂದ 162.550 ಮೆಗಾಹರ್ಟ್ಸ್‌ವರೆಗೆ, 25 ಕಿಲೋಹರ್ಟ್ಸ್ ಅಂತರದಲ್ಲಿ. ಡಾಲಸ್ ಕೇಂದ್ರದ್ದು 162.400, ಫೋರ್ಟ್ ವರ್ತ್‌ನದ್ದು 162.550. ಎಚ್ಚರಿಕೆಗೆ ಮುನ್ನ 'ಸೇಮ್' ಎಂಬ ಡಿಜಿಟಲ್ ತಲೆಬರಹ ಮೂರು ಸಲ ಬರುತ್ತದೆ, ಹಿಂದೆಯೇ 1050 ಹರ್ಟ್ಸ್ ಸ್ವರ. ತಲೆಬರಹದಲ್ಲಿ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಆರಂಕಿಯ ಸಂಖ್ಯೆ ಇರುತ್ತದೆ: ಕಾಲಿನ್ ಕೌಂಟಿಗೆ 048085, ಡೆಂಟನ್‌ಗೆ 048121, ಡಾಲಸ್‌ಗೆ 048113. ನಮ್ಮ ಕೌಂಟಿ ಮತ್ತು ಅದರ ಪಶ್ಚಿಮಕ್ಕಿರುವ ಕೌಂಟಿ, ಇವೆರಡನ್ನೇ ತುಂಬಿದೆ, ಏಕೆಂದರೆ ಬಿರುಗಾಳಿ ಇಲ್ಲಿ ಹೆಚ್ಚಾಗಿ ಆ ದಿಕ್ಕಿನಿಂದಲೇ ಬರುವುದು. 'ಎನಿ' ಎಂಬ ಆಯ್ಕೆಯಲ್ಲಿ ಬಿಟ್ಟರೆ ದೂರದ ಕೌಂಟಿಗಳ ಎಚ್ಚರಿಕೆಗೂ ರಾತ್ರಿಯಿಡೀ ಕೂಗುತ್ತದೆ. ಮೂರನೇ ರಾತ್ರಿ ಮನೆಯವರು ಅದರ ಪ್ಲಗ್ ಕಿತ್ತಿಡುತ್ತಾರೆ, ಕೊಂಡದ್ದೂ ವ್ಯರ್ಥ. ಬ್ಯಾಟರಿ ಹಾಕುವುದನ್ನು ಮರೆಯಬೇಡಿ, ಬಿರುಗಾಳಿಯಲ್ಲಿ ಮೊದಲು ಹೋಗುವುದೇ ಕರೆಂಟು.

ಇನ್ನು ಸ್ಕ್ಯಾನರ್. ಅಂಗಡಿಗೆ ಹೋಗುವ ಮೊದಲು ಯಾವ ಊರಿನವರು ಯಾವ ತರಂಗಾಂತರದಲ್ಲಿ ಮಾತಾಡುತ್ತಾರೆಂದು ಪಟ್ಟಿ ಮಾಡಿರುವ ರೇಡಿಯೊರೆಫರೆನ್ಸ್ ಜಾಲತಾಣದಲ್ಲಿ ನಿಮ್ಮ ಕೌಂಟಿಯ ಪುಟ ತೆರೆದು ಮೂರು ವಿಷಯ ಬರೆದಿಟ್ಟುಕೊಳ್ಳಿ. ವ್ಯವಸ್ಥೆ ಅನಲಾಗೋ, ಪಿ25 ಎಂಬ ಡಿಜಿಟಲ್ ಪದ್ಧತಿಯ ಮೊದಲ ಹಂತದ್ದೋ, ಎರಡನೇ ಹಂತದ್ದೋ? ಒಂದೇ ತರಂಗಾಂತರದಲ್ಲಿ ಹಲವು ಗೋಪುರಗಳು ಒಟ್ಟಿಗೆ ಬಿತ್ತರಿಸುವ ಸೈಮಲ್‌ಕಾಸ್ಟ್ ಇದೆಯೋ? ಯಾವ ಟಾಕ್‌ಗ್ರೂಪ್‌ಗಳು (ಒಂದೊಂದು ತಂಡಕ್ಕೆ ಮೀಸಲಾದ ಮಾತಿನ ಗುಂಪುಗಳು) ಗೂಢಲಿಪಿಯಲ್ಲಿವೆ? ಆ ಪುಟದ ಮೋಡ್ ಕಾಲಮ್ಮಿನಲ್ಲಿ 'ಇ' ದೊಡ್ಡಕ್ಷರದಲ್ಲಿದ್ದರೆ ಆ ಗುಂಪು ಪೂರ್ತಿ ಗೂಢಲಿಪಿ, ಸಣ್ಣಕ್ಷರವಾದರೆ ಆಗಾಗ. ಗೂಢಲಿಪಿಯನ್ನು ಬಿಡಿಸಿ ಕೇಳಿಸುವ ಸ್ಕ್ಯಾನರ್ ಯಾವ ಬೆಲೆಗೂ ಸಿಗುವುದಿಲ್ಲ. ಅಗ್ನಿಶಾಮಕದ ಡಿಸ್ಪ್ಯಾಚ್ (ಸಿಬ್ಬಂದಿಯನ್ನು ಸ್ಥಳಕ್ಕೆ ಕಳಿಸುವ ಕರೆ) ಕೂಡ ಗೂಢಲಿಪಿಗೆ ಹೋಗಿದ್ದರೆ ಸ್ಕ್ಯಾನರಿನ ದುಡ್ಡು ಉಳಿಸಿ.

ಬರೀ ಅನಲಾಗ್ ಸಾಕೆಂದಾದರೆ ಯೂನಿಡೆನ್ ಬಿಸಿ125ಎಟಿ ಒಳ್ಳೆಯದು. ತಲಾ ಐವತ್ತರ ಹತ್ತು ಬ್ಯಾಂಕ್‌ಗಳಲ್ಲಿ 500 ಚಾನೆಲ್. ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಸ್ಕೈವಾರ್ನ್ ಎಂಬ ಬಿರುಗಾಳಿ ವೀಕ್ಷಕರ ಜಾಲಗಳಿಗೆ, ವಿಮಾನಗಳಿಗೆ, ಹಳ್ಳಿ ಕಡೆಯ ಸ್ವಯಂಸೇವಕ ಅಗ್ನಿಶಾಮಕ ದಳಗಳಿಗೆ ಇದು ಧಾರಾಳ. ಬಿರುಗಾಳಿಯ ದಿನ ಹೆಚ್ಚು ಉಪಯೋಗಕ್ಕೆ ಬರುವುದು ಸ್ಕೈವಾರ್ನ್ ಜಾಲವೇ ಎಂಬುದು ನನ್ನ ಅಭಿಪ್ರಾಯ. ಸುಂಟರಗಾಳಿ ಇಳಿಯಬಹುದಾದ, ಕೆಳಕ್ಕೆ ಜೋತುಬಿದ್ದ ಮೋಡದ ಗೋಡೆ ಯಾವ ರಸ್ತೆಯ ಮೇಲಿದೆ, ಆಲಿಕಲ್ಲು ಎಷ್ಟು ದಪ್ಪ ಎಂಬುದನ್ನು ಕಣ್ಣಾರೆ ಕಂಡವರು ಅಲ್ಲಿ ಹೇಳುತ್ತಿರುತ್ತಾರೆ.

ನಗರದ ಪಿ25 ಸೈಮಲ್‌ಕಾಸ್ಟ್ ಕೇಳಬೇಕಾದರೆ ಮಾತು ಬೇರೆ. ಹಲವು ಗೋಪುರಗಳ ಅಲೆಗಳು ಸ್ವಲ್ಪ ಹಿಂದೆ ಮುಂದೆ ಬಂದು ಒಂದರ ಮೇಲೊಂದು ಬೀಳುತ್ತವೆ. ತರಂಗಾಂತರದ ಏರಿಳಿತವನ್ನಷ್ಟೇ ಅಳೆಯುವ ಹಳೆಯ ಬಗೆಯ ಎಫ್ಎಂ ಡಿಸ್ಕ್ರಿಮಿನೇಟರ್ ಇರುವ ಡಿಜಿಟಲ್ ಸ್ಕ್ಯಾನರ್‌ಗಳಿಗೆ ಆ ಗೊಂದಲದಲ್ಲಿ ಬಿಟ್‌ಗಳು ಸಿಗುವುದಿಲ್ಲ. ಪರದೆಯಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ, ಮಾತು ಮಾತ್ರ ತುಂಡು ತುಂಡು. ಇದನ್ನು ಕಂಡವರು ದೊಡ್ಡ ಆಂಟೆನಾ ತರುತ್ತಾರೆ, ಆಗ ದೂರದ ಗೋಪುರಗಳೂ ಜೋರಾಗಿ ಬಂದು ತೊಂದರೆ ಹೆಚ್ಚಾಗುತ್ತದೆ. ಅಲೆಯ ಫೇಸ್ ಅನ್ನೂ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದನ್ನೂ) ಅಳೆಯುವ ಐ-ಕ್ಯೂ ರಿಸೀವರ್ ಇರುವುದು ಯೂನಿಡೆನ್ ಎಸ್‌ಡಿಎಸ್100 ಮತ್ತು ಎಸ್‌ಡಿಎಸ್200ರಲ್ಲಿ. ಬೆಲೆ ಸುಮಾರು 700 ಡಾಲರ್. ನಾನು ಆರಿಸಿದ್ದು ಮೇಜಿನ ಮೇಲಿಡುವ 200. ಅಷ್ಟು ದುಡ್ಡು ಹಾಕಲಾಗದವರು ಮೂವತ್ತು ನಲವತ್ತು ಡಾಲರಿನ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ) ಕೊಂಡು, ಹಳೆಯ ಲ್ಯಾಪ್‌ಟಾಪಿನಲ್ಲಿ ಎಸ್‌ಡಿಆರ್‌ಟ್ರಂಕ್ ಎಂಬ ಉಚಿತ ತಂತ್ರಾಂಶ ಓಡಿಸಬಹುದು. ಒಂದು ಡಾಂಗಲ್ಲಿಗೆ 2.4 ಮೆಗಾಹರ್ಟ್ಸ್ ಅಗಲ ಮಾತ್ರ ಕಾಣಿಸುತ್ತದೆ. ಸೈಟಿನ (ಒಟ್ಟಿಗೆ ಬಿತ್ತರಿಸುವ ಗೋಪುರಗಳ ಗುಂಪಿನ) ಚಾನೆಲ್‌ಗಳು ಅದಕ್ಕಿಂತ ಹರಡಿದ್ದರೆ ಎರಡು ಮೂರು ಬೇಕು.

ಎಸ್‌ಡಿಎಸ್200ಕ್ಕೆ ಅಂಚೆ ಪಿನ್‌ಕೋಡ್ ಕೊಟ್ಟರೆ ಸುತ್ತಲಿನ ಎಲ್ಲವನ್ನೂ ತಾನೇ ತುಂಬಿಕೊಳ್ಳುತ್ತದೆ, ಎಡವಟ್ಟಾಗುವುದೂ ಅಲ್ಲೇ. ಶಾಲಾ ಬಸ್ಸು, ರಸ್ತೆ ಕೆಲಸ, ವಿಮಾನ ನಿಲ್ದಾಣದ ಬಂಡಿಗಳ ಮಾತಿನ ನಡುವೆ ಅಗ್ನಿಶಾಮಕದ ಕರೆ ತಪ್ಪಿಹೋಗುತ್ತದೆ. ಸರ್ವಿಸ್ ಟೈಪ್‌ನಲ್ಲಿ ಫೈರ್ ಡಿಸ್ಪ್ಯಾಚ್, ಇಎಂಎಸ್ (ಆಂಬುಲೆನ್ಸ್) ಡಿಸ್ಪ್ಯಾಚ್, ಎಮರ್ಜೆನ್ಸಿ ಆಪರೇಷನ್ಸ್ ಇಷ್ಟನ್ನೇ ಉಳಿಸಿಕೊಂಡು ಬೇರೆಲ್ಲವನ್ನೂ ಬಂದ್ ಮಾಡಿದೆ. ಮಾತು ಒಡೆಯುತ್ತಿದ್ದರೆ ಒಂದೇ ಸೈಟ್ ಹಿಡಿದು ನಿಲ್ಲಿಸಿ, ಫಿಲ್ಟರ್ ಅನ್ನು ನಾರ್ಮಲ್, ಇನ್ವರ್ಟ್, ವೈಡ್ ಎಂದು ಒಂದೊಂದಾಗಿ ಬದಲಿಸಿ ನೋಡಿ. ಆಂಟೆನಾವನ್ನು ಒಂದಡಿ ಆಚೀಚೆ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಆಗಲೂ ಸರಿಹೋಗದಿದ್ದರೆ ಒಂದೇ ಗೋಪುರದ ಕಡೆ ತಿರುಗಿಸಿದ ಪುಟ್ಟ ಯಾಗಿ ಆಂಟೆನಾ. ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. 850 ಮೆಗಾಹರ್ಟ್ಸ್‌ನಲ್ಲಿ 15 ಮೀಟರ್ ಆರ್‌ಜಿ-58 ಏಳು ಡೆಸಿಬೆಲ್‌ನಷ್ಟು ನುಂಗುತ್ತದೆ, ಅದೇ ಉದ್ದದ ಎಲ್ಎಂಆರ್-400 ಎರಡರ ಆಸುಪಾಸು.

ಸೈರನ್‌ಗೆ ಹೋಗುವ ಆಜ್ಞೆಯನ್ನೇ ಹಿಡಿಯಬಹುದೇ? ಎಷ್ಟೋ ಊರುಗಳಲ್ಲಿ ಆಗುತ್ತದೆ. ಆಜ್ಞೆ ಹೋಗುವುದು ವಿಎಚ್‌ಎಫ್ ಅಥವಾ ಯುಎಚ್‌ಎಫ್ ರೇಡಿಯೊದಲ್ಲಿ, ಎರಡು ಸ್ವರಗಳ ಜೋಡಿಯಾಗಿಯೋ ಫೋನಿನ ಕೀಲಿ ಸ್ವರಗಳಾಗಿಯೋ ಡಿಜಿಟಲ್ ಸಂಕೇತವಾಗಿಯೋ. ಡಾಲಸ್ ಸುತ್ತ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷೆ ನಡೆಯುತ್ತದೆ. ಎಫ್‌ಸಿಸಿಯ (ಅಮೆರಿಕದ ರೇಡಿಯೊ ಪರವಾನಗಿ ಕೊಡುವ ಸಂಸ್ಥೆ) ಸಾರ್ವಜನಿಕ ಲೈಸೆನ್ಸ್ ದಾಖಲೆಯಲ್ಲಿ ನಿಮ್ಮ ಊರಿನ ಹೆಸರಿನ ತರಂಗಾಂತರಗಳನ್ನು ಹುಡುಕಿ, 11:55ಕ್ಕೇ ಕುಳಿತು ಕೇಳಿ. ಎರಡು ಸ್ವರಗಳ ಪದ್ಧತಿಯಾಗಿದ್ದರೆ, ಗೊತ್ತುಮಾಡಿದ ಸ್ವರಕ್ಕಾಗಿ ಕಾಯುವ ಸ್ಕ್ಯಾನರಿನ ಟೋನ್-ಔಟ್ ಕ್ರಮದಲ್ಲಿ ಎ ಮತ್ತು ಬಿ ಸ್ವರಗಳನ್ನು ಸೊನ್ನೆಗೆ ಇಟ್ಟರೆ ಬಂದ ಸ್ವರದ ಅಳತೆ ಪರದೆಯಲ್ಲಿ ಕಾಣುತ್ತದೆ. ಅದನ್ನು ತುಂಬಿಟ್ಟರೆ ಮುಂದೆ ಆ ಜೋಡಿಗೆ ಮಾತ್ರ ಸ್ಕ್ಯಾನರ್ ಬಾಯಿ ಬಿಡುತ್ತದೆ. ಟೋನ್-ಔಟ್‌ನಲ್ಲಿದ್ದಾಗ ಬೇರೇನೂ ಸ್ಕ್ಯಾನ್ ಆಗದು, ಆದ್ದರಿಂದ ಈ ಕೆಲಸಕ್ಕೆ ಎರಡನೇ ಉಪಕರಣವೇ ಬೇಕು.

ಇಲ್ಲಿ ಕೇಳುವುದಷ್ಟೇ ನಮ್ಮ ಪಾಲು. 2017ರ ಏಪ್ರಿಲ್ 7ರ ಮಧ್ಯರಾತ್ರಿಗೆ ಸ್ವಲ್ಪ ಮೊದಲು ಯಾರೋ ರೇಡಿಯೊ ಸಂಕೇತ ಕಳಿಸಿ ಡಾಲಸ್‌ನ 156 ಸೈರನ್‌ಗಳನ್ನು ಕೂಗಿಸಿದರು. ನಗರ ನಿದ್ದೆಗೆಟ್ಟಿತು, ತುರ್ತು ಸಂಖ್ಯೆ 911ಕ್ಕೆ ಕರೆಗಳು ಮುಗಿಬಿದ್ದವು. ಆ ಬಳಿಕ ನಗರ ಸಂಕೇತಕ್ಕೆ ಗೂಢಲಿಪಿ ಸೇರಿಸಿತು. ನಿಮ್ಮ ಊರಿನಲ್ಲೂ ಹಾಗಾಗಿದ್ದರೆ ಸ್ವರ ಹುಡುಕುತ್ತಾ ಕೂರಬೇಡಿ, ವೆದರ್ ರೇಡಿಯೊ ಸಾಕು.

ಕಾನೂನಿನ ಮಾತು ಎರಡು. ಮನೆಯಲ್ಲಿ ಕೂತು ಗೂಢಲಿಪಿಯಿಲ್ಲದ ಸಾರ್ವಜನಿಕ ಸುರಕ್ಷತಾ ಪ್ರಸಾರ ಕೇಳಲು ಅಮೆರಿಕದ ಕೇಂದ್ರ ಕಾನೂನಿನ ಅಡ್ಡಿಯಿಲ್ಲ, ಆದರೆ ಫ್ಲಾರಿಡಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿದೆ. ಊರಿಗೆ ಹೋಗುವಾಗ ಸ್ಕ್ಯಾನರನ್ನು ಸೂಟ್‌ಕೇಸಿಗೆ ಹಾಕಲೇಬೇಡಿ. ಭಾರತದಲ್ಲಿ ಇಂಥ ಉಪಕರಣ ಇಟ್ಟುಕೊಳ್ಳಲು ಪರವಾನಗಿ ಬೇಕು, ಪೊಲೀಸ್ ಪ್ರಸಾರ ಕೇಳುವುದಕ್ಕಂತೂ ಅಲ್ಲಿ ಅವಕಾಶವಿಲ್ಲ.