ಗುಜರಿ ಓವನ್, ಹಿತ್ತಾಳೆ ಎಂಜಿನ್

ಹಿತ್ತಾಳೆ ತಗಡಿನಲ್ಲಿ ವೈಪಿ ಉಗಿ ಎಂಜಿನ್ನಿನ ಪುಟ್ಟ ಮಾದರಿ ಮಾಡಲು ಕೂತಿದ್ದೆ. ಮೀಟರ್‌ಗೇಜ್ ಎಂಜಿನ್, ಅಳತೆ 1:87. ಬಾಯ್ಲರ್ ಪಕ್ಕದ ಕೈಕಂಬಿಗೆ ಐದು ಪುಟ್ಟ ಗುಬುಟುಗಳು. ಮೂರನೆಯದನ್ನು ಬೆಸೆಯುವಾಗ ಎರಡನೆಯದು ಟಣ್ ಅಂತ ಕೆಳಗೆ ಬಿತ್ತು. ಅದನ್ನು ಕೂರಿಸುವಷ್ಟರಲ್ಲಿ ಮೊದಲನೆಯದು ವಾಲಿತು. 60 ವ್ಯಾಟ್ ಸೋಲ್ಡರಿಂಗ್ ಐರನ್ ಹಿಡಿದುಕೊಂಡೇ ಅರ್ಧ ಭಾನುವಾರ ಹೋಯಿತು.

ಐರನ್ನಿನದೇನೂ ತಪ್ಪಿಲ್ಲ. ಹಿತ್ತಾಳೆಯಲ್ಲಿ ಬಿಸಿ ಬೇಗ ಹರಡುತ್ತದೆ. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) ಕರಗಲು 190 ಡಿಗ್ರಿ ಹತ್ತಿರ ಬೇಕು. ಒಂದು ಚುಕ್ಕಿ ಅಷ್ಟು ಕಾಯುವ ಹೊತ್ತಿಗೆ ಇಡೀ ಬಾಯ್ಲರ್ ಕಾದಿರುತ್ತದೆ. ರೆಸಿಸ್ಟೆನ್ಸ್ ಸೋಲ್ಡರಿಂಗ್‌ನಲ್ಲಿ ಹಾಗಾಗಲ್ಲ. ಬೆಸೆಯುವ ತುಂಡಿಗೆ ಒಂದು ತಂತಿ, ಕೈಯಲ್ಲಿರುವ ಕಾರ್ಬನ್ ಕಡ್ಡಿಗೆ ಇನ್ನೊಂದು. ವೋಲ್ಟ್ ಎರಡೋ ಮೂರೋ, ಕರೆಂಟ್ ಮಾತ್ರ ಹತ್ತಾರು ಆಂಪಿಯರ್. ಕಾರ್ಬನ್ ತಾಮ್ರದಷ್ಟು ಸಲೀಸಾಗಿ ಕರೆಂಟ್ ಬಿಡಲ್ಲ, ಹಾಗಾಗಿ ಬಿಸಿಯೆಲ್ಲ ಕಡ್ಡಿ ಮುಟ್ಟಿದ ಜಾಗದಲ್ಲೇ ಹುಟ್ಟುತ್ತದೆ. ಒಂದೆರಡು ಸೆಕೆಂಡ್ ಸಾಕು. ಹೊರದೇಶದ ರೆಡಿಮೇಡ್ ಸೆಟ್‌ನ ಬೆಲೆ ನೋಡಿ, ನಾನೇ ಮಾಡಿಕೊಳ್ಳೋಣ ಅಂದುಕೊಂಡೆ.

ಇದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರ್‌ಗಾಗಿ ಹುಡುಕಿದಾಗ ಗುಜರಿಯಲ್ಲಿ ಕೆಟ್ಟ ಮೈಕ್ರೋವೇವ್ ಓವನ್ ಸಿಕ್ಕಿತು. ಅದನ್ನು ನಾನು ಬಿಚ್ಚಲಿಲ್ಲ. ಒಳಗಿನ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟ್ ಕೊಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದುಕೊಂಡಿರಬಹುದು. ಓವನ್ ರಿಪೇರಿಯವರ ಹತ್ತಿರ ಒಯ್ದೆ. "ಬಿಡಿ ಸಾರ್, ಇದು ಜೀವ ತೆಗೆಯೋ ಸಾಮಾನು, ನಾನೇ ತೆಗೆದುಕೊಡ್ತೀನಿ" ಅಂದರು. ಈ ಒಂದು ಕೆಲಸದಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಟ್ರಾನ್ಸ್‌ಫಾರ್ಮರ್ ಮನೆಗೆ ತಂದು, 2,000 ವೋಲ್ಟ್ ಕೊಡುವ ಸಣ್ಣ ತಂತಿಯ ಸುತ್ತನ್ನು ಹ್ಯಾಕ್ಸಾದಲ್ಲಿ ಕೊಯ್ದು ತೆಗೆದೆ. 230 ವೋಲ್ಟಿನ ಸುತ್ತಿಗೆ ಒಂದು ಗೀರೂ ತಾಗಬಾರದು, ಅದಕ್ಕೇ ಎರಡು ಸಂಜೆ ಹಿಡಿಯಿತು. ಖಾಲಿಯಾದ ಜಾಗದಲ್ಲಿ ಪರೀಕ್ಷೆಗೆ ಒಂದು ಸುತ್ತು ವೈರ್ ಹಾಕಿ ನೋಡಿದರೆ 0.9 ವೋಲ್ಟ್. 16 ಚದರ ಮಿ.ಮೀ. ವೆಲ್ಡಿಂಗ್ ಕೇಬಲ್ ಮೂರು ಸುತ್ತು ತೂರಿಸಿದೆ. 2.7 ವೋಲ್ಟ್ ಬಂತು. ಟ್ರಾನ್ಸ್‌ಫಾರ್ಮರ್ ಮೈಗೆ ಅರ್ಥ್, ಲೈನಿಗೆ ಫ್ಯೂಸ್, ಎಲ್ಲವೂ ಮುಚ್ಚಿದ ಪೆಟ್ಟಿಗೆಯೊಳಗೆ.

ಎಡವಿದ್ದು ಪೆಡಲ್‌ನಲ್ಲಿ. ಕರೆಂಟನ್ನು ಕಾಲಲ್ಲೇ ಆನ್-ಆಫ್ ಮಾಡಲು ಮನೆಯಲ್ಲಿದ್ದ ಹೊಲಿಗೆ ಮೆಷಿನ್ ಪೆಡಲ್ ಜೋಡಿಸಿದೆ. ಅದು ಸ್ವಿಚ್ ಅಲ್ಲ, ವೇಗ ಹೆಚ್ಚು ಕಡಿಮೆ ಮಾಡುವ ಸಾಧನ ಅಂತ ಹೊಳೆದದ್ದು ಕಾಲಡಿಯಿಂದ ಹೊಗೆ ಬಂದ ಮೇಲೆ. ಮನೆಯಾಕೆ ಇವತ್ತಿಗೂ ಆ ಪೆಡಲ್ ಲೆಕ್ಕ ಕೇಳುತ್ತಾಳೆ. ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಫುಟ್ ಸ್ವಿಚ್ಚೂ 30 ಆಂಪಿಯರ್ ರಿಲೇಯೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ತಂದೆ. ಈಗ ಕಾಲ ಹತ್ತಿರ ಬರುವುದು 12 ವೋಲ್ಟ್ ಮಾತ್ರ.

ಕಡ್ಡಿಗೆ ಮೊದಲು ಟಾರ್ಚ್ ಸೆಲ್ ಒಡೆದು ನೋಡಿದೆ. ಕೈಯೆಲ್ಲ ಮಸಿ, ಕಾದಾಗ ಮೇಣದ ಹೊಗೆ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಗೌಜಿಂಗ್ ರಾಡ್ ಎಷ್ಟೋ ವಾಸಿ. ಅದು ತಾಮ್ರದ ಲೇಪ ಇರುವ ಕಾರ್ಬನ್. ತುದಿಯ ಒಂದು ಸೆಂಟಿಮೀಟರ್ ಮಾತ್ರ ತಾಮ್ರ ಉಜ್ಜಿ ತೆಗೆದು, ಪೆನ್ಸಿಲ್‌ನಂತೆ ಚೂಪು ಮಾಡಿದೆ. ಉಳಿದ ತಾಮ್ರ ಹಾಗೇ ಇರಲಿ, ಇಲ್ಲದಿದ್ದರೆ ಇಡೀ ಕಡ್ಡಿ ಕಾಯುತ್ತದೆ. ಹಿಡಿಗೆ ಹಳೆ ಅರದ ಮರದ ಹಿಡಿ.

ಮೊದಲ ದಿನ ಗಡಿಬಿಡಿ. ಪೆಡಲ್ ಒತ್ತಿಕೊಂಡೇ ಕಡ್ಡಿ ಮುಟ್ಟಿಸಿದೆ. ಚಟ್ ಅಂತ ಕಿಡಿ, ನುಣುಪಾದ ಬಾಯ್ಲರ್ ಮೇಲೆ ಸಿಡುಬಿನ ಕಲೆಯಂಥ ಗುಳಿ. ಮೊದಲು ಮುಟ್ಟಿಸಿ ಒತ್ತಬೇಕು, ಆಮೇಲೆ ಪೆಡಲ್. ತೆಗೆಯುವಾಗ ಮೊದಲು ಕಾಲು, ಕಡ್ಡಿ ಅಲ್ಲೇ ಇರಲಿ. ಹೊಳೆಯುತ್ತಿರುವ ಸೋಲ್ಡರ್ ಮಂಕಾದ ಮೇಲೆ ಕೈ ಎತ್ತಬೇಕು. ಐರನ್ನಿಗಿಂತ ಇದು ಮೇಲು ಅನ್ನಿಸಿದ್ದು ಇಲ್ಲೇ. ಕಡ್ಡಿಯೇ ತುಂಡನ್ನು ಹಿಡಿದಿರುತ್ತದೆ, ತಣ್ಣಗಾಗುವವರೆಗೂ ಅದು ಅಲುಗುವುದಿಲ್ಲ.

ಸೋಲ್ಡರನ್ನು ಮೊದಲೇ ಹಚ್ಚಿಟ್ಟಿರಬೇಕು. ಚಿಕ್ಕವನಿದ್ದಾಗ ಕಲಾಯಿಯವನು ನವಸಾಗರ ಎರಚಿ, ಪಾತ್ರೆಯೊಳಗೆ ತವರವನ್ನು ಬಟ್ಟೆಯಲ್ಲಿ ಸವರುವುದನ್ನು ಬಾಯಿಬಿಟ್ಟು ನೋಡುತ್ತಿದ್ದೆ. ಇಲ್ಲೂ ಅದೇ ಕೆಲಸ, ಸಣ್ಣದಾಗಿ. ಎರಡೂ ತುಂಡಿಗೆ ತೆಳ್ಳಗೆ ಕಲಾಯಿ, ಮೇಲೊಂದು ಹನಿ ಫ್ಲಕ್ಸ್ (ನವಸಾಗರದಂತೆ ಲೋಹದ ಕಿಲುಬು ತೆಗೆದು ಸೋಲ್ಡರ್ ಹಿಡಿಯುವಂತೆ ಮಾಡುವ ದ್ರವ), ಜೋಡಿಸಿ ಒತ್ತಿ ಪೆಡಲ್. ಫ್ಲಕ್ಸ್ ಚುಂಯ್ ಅನ್ನುತ್ತದೆ, ಅಂಚಿನಲ್ಲಿ ಬೆಳ್ಳಿ ಗೆರೆ ಮಿಂಚುತ್ತದೆ. ಅಷ್ಟೇ, ಕಾಲು ತೆಗೆಯಿರಿ. ಜಾಸ್ತಿ ಹೊತ್ತು ಒತ್ತಿದರೆ ಕಡ್ಡಿ ತುದಿ ಕೆಂಪಾಗಿ ಫ್ಲಕ್ಸ್ ಕರಕಲಾಗುತ್ತದೆ. ಹಾಂ, ಉಂಗುರ, ಲೋಹದ ಗಡಿಯಾರ ತೆಗೆದಿಡಿ. ಈ ವೋಲ್ಟಿಗೆ ಶಾಕ್ ಹೊಡೆಯಲ್ಲ, ಆದರೆ ಕರೆಂಟ್ ಉಂಗುರದೊಳಗೆ ಹರಿದರೆ ಬೆರಳು ಸುಡುತ್ತದೆ.

ಐದು ಗುಬುಟುಗಳೂ ಹತ್ತು ನಿಮಿಷದಲ್ಲಿ ಕೂತವು. ಪಕ್ಕದ್ದು ಅಲುಗಲೂ ಇಲ್ಲ. ಅದೇ ಹುಮ್ಮಸ್ಸಿನಲ್ಲಿ ಚಿಮಣಿಗೂ ಕಡ್ಡಿ ಇಟ್ಟೆ. ಅದು ಹಿತ್ತಾಳೆಯದ್ದಲ್ಲ, ಬೇಗ ಕರಗುವ ವೈಟ್ ಮೆಟಲ್‌ದು ಅನ್ನುವುದು ಮರೆತೇ ಹೋಗಿತ್ತು. ನೋಡನೋಡುತ್ತಿದ್ದಂತೆ ಕುಸಿದು ಬಾಯ್ಲರ್ ಮೇಲೆ ಗೋಲಿಯಾಯಿತು. ಹೊಸ ಚಿಮಣಿಯನ್ನು ಅರಾಲ್ಡೈಟ್ ಹಾಕಿ ಅಂಟಿಸಿದ್ದೇನೆ.