ವಾರಕ್ಕೊಂದು ಹೊಸ ಹಾಡು: ಎರಡನೇ ಚರಣ ಮೊದಲು, ಮೈಕ್ ಆಮೇಲೆ

ವಾರಕ್ಕೊಂದು ಹಾಡು ಬರೆದು ರೆಕಾರ್ಡ್ ಮಾಡುವ ಕೆಲಸ ಕೈಕೊಡುವುದು ಟ್ಯೂನ್ ಹೊಳೆಯದ್ದರಿಂದಲ್ಲ. ಪಲ್ಲವಿ, ಮೊದಲ ಚರಣ ಎರಡು ದಿನದಲ್ಲಿ ಸಿಕ್ಕಿಬಿಡುತ್ತವೆ. ಅದೇ ಹುರುಪಿನಲ್ಲಿ ಮೈಕ್ ಮುಂದೆ ಕೂತರೆ ಎರಡನೇ ಚರಣವಿಲ್ಲದ ಅರೆಬರೆ ಹಾಡು ಶನಿವಾರದವರೆಗೂ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಹಾಗಾಗಿ ನಾನು ಪಾಲಿಸುವ ಕಟ್ಟುನಿಟ್ಟು ಒಂದೇ: ಎರಡನೇ ಚರಣದ ಕೊನೆಯ ಸಾಲು ಮುಗಿಯುವ ತನಕ ಯಾವ ಟ್ರ್ಯಾಕನ್ನೂ ರೆಕಾರ್ಡ್ ಮಾಡುವುದಿಲ್ಲ.

ಸೋಮವಾರ ಟ್ಯೂನ್, ಮಂಗಳವಾರ ಮತ್ತು ಬುಧವಾರ ಸಾಹಿತ್ಯ, ಗುರುವಾರ ವಾದ್ಯ, ಶುಕ್ರವಾರ ಗಾಯನ, ಶನಿವಾರ ಮಿಕ್ಸ್ (ಎಲ್ಲ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವುದು). ಭಾನುವಾರ ಬೆಳಿಗ್ಗೆ ತಾಜಾ ಕಿವಿಯಲ್ಲಿ ಒಮ್ಮೆ ಕೇಳಿ ಸಣ್ಣಪುಟ್ಟ ತಿದ್ದುಪಡಿ. ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಸಾಕು. ಸಾಹಿತ್ಯಕ್ಕೆ ಮಾತ್ರ ಎರಡು ದಿನ ಕೊಟ್ಟಿದ್ದೇನೆ, ಅದನ್ನು ಕಡಿಮೆ ಮಾಡಲು ಹೋಗಬೇಡಿ.

ಟ್ಯೂನ್‌ಗಾಗಿ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ಹತ್ತು ನಿಮಿಷ ನಿಲ್ಲಿಸದೆ ‘ತನನ’ ಎಂದು ಗುನುಗಿ ಫೋನಿನಲ್ಲಿ ಹಿಡಿದಿಡುತ್ತೇನೆ. ಅದನ್ನು ಮತ್ತೆ ಕೇಳದೆ ಎದ್ದು ಬೇರೆ ಕೆಲಸ ಮಾಡಿ ಬರುತ್ತೇನೆ. ಅರ್ಧ ಗಂಟೆಯ ಮೇಲೂ ಬಾಯಿಗೆ ತಾನಾಗಿ ಬರುವ ತುಣುಕೇ ಪಲ್ಲವಿ. ಅದನ್ನು 76, 84, 92 ಬಿಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಬೀಟ್ ಎಂಬ ವೇಗದ ಲೆಕ್ಕ) ಹಾಡಿ ನೋಡಿ ಒಂದನ್ನು ಆರಿಸಿದರೆ ಮುಗಿಯಿತು, ವಾದ್ಯ ನುಡಿಸಿದ ಮೇಲೆ ವೇಗ ಬದಲಿಸಲು ಹೊರಟರೆ ಎಲ್ಲವನ್ನೂ ಹೊಸದಾಗಿ ನುಡಿಸಬೇಕಾಗುತ್ತದೆ.

ಹಾಡಿನ ಉದ್ದವನ್ನೂ ಆಗಲೇ ಲೆಕ್ಕ ಹಾಕಿಬಿಡುತ್ತೇನೆ. ಆರಂಭದ ವಾದ್ಯ 4 ಬಾರ್ (ತಾಳದ ಒಂದು ಸುತ್ತು), ಪಲ್ಲವಿ 8, ಬಿಜಿಎಂ (ನಡುವಿನ ವಾದ್ಯಸಂಗೀತ) 8, ಚರಣ 16, ಪಲ್ಲವಿ 8, ಬಿಜಿಎಂ 4, ಚರಣ 16, ಪಲ್ಲವಿ 8: ಒಟ್ಟು 72 ಬಾರ್. ಬಾರಿಗೆ ನಾಲ್ಕು ಬೀಟ್, ವೇಗ 90 ಬಿಪಿಎಂ ಇದ್ದರೆ 3 ನಿಮಿಷ 12 ಸೆಕೆಂಡ್. ಎರಡನೇ ಬಿಜಿಎಂ ಅನ್ನು ಅರ್ಧಕ್ಕೆ ಇಳಿಸಿದ್ದು ಬೇಕೆಂದೇ. ಅಷ್ಟು ಹೊತ್ತಿಗೆ ಕೇಳುಗರಿಗೆ ವಾದ್ಯದ ಸಾಲು ಪರಿಚಯವಾಗಿರುತ್ತದೆ, ಅವರು ಮಾತಿಗಾಗಿ ಕಾಯುತ್ತಿರುತ್ತಾರೆ.

ಈಗ ಸಾಹಿತ್ಯ. ಮೊದಲ ಚರಣ ಟ್ಯೂನಿನ ಜೊತೆಜೊತೆಗೇ ಹುಟ್ಟುವುದರಿಂದ ಹೊಂದಿಕೊಳ್ಳುತ್ತದೆ. ಎರಡನೆಯದು ಅದೇ ಅಚ್ಚಿನಲ್ಲಿ ಕೂರಬೇಕು, ಅಲ್ಲಿ ಅಕ್ಷರ ಎಣಿಸಿದರೆ ಕೆಡುತ್ತದೆ, ಮಾತ್ರೆ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲ) ಎಣಿಸಬೇಕು. ಮೊದಲ ಚರಣದಲ್ಲಿ ‘ದಾರಿಯ ಕೊನೆಯಲಿ ದೀಪವು ಉರಿದಿದೆ’ ಎಂಬ ಸಾಲಿದೆ ಎನ್ನಿ. ನಾಲ್ಕು ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16. ಅದೇ ಜಾಗಕ್ಕೆ ‘ನಿನ್ನ ನೆನಪು ಮತ್ತೆ ಬಂದು’ ಎಂದು ಬರೆದರೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಇಲ್ಲಿರುವುದು ಮೂರು ಮಾತ್ರೆಯ ಗಣಗಳು. ಪ್ರತಿ ಗಣಕ್ಕೂ ಒಂದು ಮಾತ್ರೆ ಸಾಲದೆ ಹಾಡುವಾಗ ‘ನಿನ್ನಾ ನೆನಪೂ ಮತ್ತೇ ಬಂದೂ’ ಎಂದು ಎಳೆಯಬೇಕಾಗುತ್ತದೆ. ಹಾಡು ಜೋತುಬಿದ್ದಂತೆ ಕೇಳುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ, ವಾದ್ಯವಲ್ಲ. ‘ನಿನ್ನಯ ನೆನಪದು’ ಎಂದು ಖಾಲಿ ಅಕ್ಷರ ತುರುಕುವುದೂ ಮದ್ದಲ್ಲ. ಮಾತನ್ನೇ ಬೇರೆ ಕಡೆಯಿಂದ ಹಿಡಿಯಬೇಕು: ‘ನೆನಪಿನ ನೆರಳೂ ಬಾಗಿಲ ಬಳಿಯಿದೆ’. ಮತ್ತೆ 16 ಮಾತ್ರೆ, ಒಂದು ಚಿತ್ರವೂ ಸಿಕ್ಕಿತು.

ಇನ್ನೊಂದು ಎಡವಟ್ಟು ಹ್ರಸ್ವ-ದೀರ್ಘದ್ದು. ಟ್ಯೂನಿನ ಉದ್ದ ಎಳೆತ ಪದದ ಮೊದಲ ಹ್ರಸ್ವದ ಮೇಲೆ ಬಿದ್ದರೆ ಅರ್ಥವೇ ಬದಲಾಗುತ್ತದೆ. ‘ಬಳೆ’ ಎಂದು ಬರೆದಿರುತ್ತೀರಿ, ಕಿವಿಗೆ ‘ಬಾಳೆ’ ಬೀಳುತ್ತದೆ. ‘ಕರು’ ‘ಕಾರು’ ಆಗುತ್ತದೆ. ಅಂಥ ಜಾಗಕ್ಕೆ ದೀರ್ಘದಿಂದ ಶುರುವಾಗುವ ಪದ ಹುಡುಕುತ್ತೇನೆ, ಇಲ್ಲವೇ ಎಳೆತವನ್ನು ಪದದ ಕೊನೆಗೆ ಸರಿಸುತ್ತೇನೆ. ಒತ್ತಕ್ಷರದ ಪದವನ್ನೂ ಅಲ್ಲಿ ಇಡುವುದಿಲ್ಲ. ‘ಹತ್ತು’ ಎಂಬಲ್ಲಿ ನಾಲಿಗೆ ಹಲ್ಲಿಗೆ ತಾಗಿದೊಡನೆ ದನಿ ನಿಂತುಹೋಗುತ್ತದೆ, ಎಳೆಯಲು ಸ್ವರವೇ ಉಳಿಯುವುದಿಲ್ಲ.

ಬುಧವಾರ ರಾತ್ರಿ ಇಡೀ ಹಾಡನ್ನು ನಿಂತುಕೊಂಡು ಒಂದು ಸಲ ಪೂರ್ತಿ ಹಾಡುತ್ತೇನೆ. ಶ್ರುತಿ ನಿರ್ಧಾರವಾಗುವುದು ಇಲ್ಲಿ. ಅತ್ಯಂತ ಮೇಲಿನ ಸ್ವರ ಕೊನೆಯ ಪಲ್ಲವಿಯಲ್ಲೂ ಸಲೀಸಾಗಿ ಹತ್ತಬೇಕು. ತಡವರಿಸಿದರೆ ಅರ್ಧ ಸ್ವರ ಇಳಿಸಿ ಮತ್ತೆ ಹಾಡಬೇಕು. ರೆಕಾರ್ಡ್ ಆದ ಗಿಟಾರನ್ನು ಸಾಫ್ಟ್‌ವೇರಿನಲ್ಲಿ ಒಂದೆರಡು ಅರ್ಧ ಸ್ವರಕ್ಕಿಂತ ಹೆಚ್ಚು ಇಳಿಸಿದರೆ ತಂತಿಯ ನಾದ ಮಂಕಾಗುತ್ತದೆ.

ರೆಕಾರ್ಡಿಂಗ್‌ಗೆ ಒಂದೇ ಟೆಂಪ್ಲೇಟ್ (ಮೊದಲೇ ಸಿದ್ಧವಿಟ್ಟ ಫೈಲ್): 24 ಬಿಟ್, 48 ಕಿಲೋಹರ್ಟ್ಸ್ (ಸೆಕೆಂಡಿಗೆ ದನಿಯ 48,000 ಮಾದರಿ), ಎಂಟೇ ಟ್ರ್ಯಾಕ್. ಬಫರ್ (ಕಂಪ್ಯೂಟರ್ ಒಮ್ಮೆಗೆ ಎತ್ತಿಕೊಳ್ಳುವ ಮಾದರಿಗಳ ಸಂಖ್ಯೆ) 128. ಅಂದರೆ ಸುಮಾರು 2.7 ಮಿಲಿಸೆಕೆಂಡ್ ತಡ. ಮಿಕ್ಸ್ ಮಾಡಿದಾಗಿನ 1024 ಹಾಗೇ ಉಳಿದಿದ್ದರೆ 21 ಮಿಲಿಸೆಕೆಂಡ್ ದಾಟುತ್ತದೆ, ಹಾಡುವವರಿಗೆ ತಮ್ಮ ದನಿಯೇ ತಡವಾಗಿ ಕೇಳಿ ಲಯ ಹಿಂದೆ ಬೀಳುತ್ತದೆ. ಕಂಡೆನ್ಸರ್ ಮೈಕ್ ಆದರೆ ಅದಕ್ಕೆ ವಿದ್ಯುತ್ ಕೊಡುವ 48 ವೋಲ್ಟ್ ಗುಂಡಿ ಒತ್ತಿ. ಬಾಯಿಯಿಂದ 15 ಸೆಂಟಿಮೀಟರ್, ನಡುವೆ ‘ಪ’, ‘ಬ’ಗಳ ಗಾಳಿ ತಡೆಯುವ ಪಾಪ್ ಫಿಲ್ಟರ್, ಹಾಡುವವರ ಬೆನ್ನ ಹಿಂದೆ ದಪ್ಪ ಕಂಬಳಿ. ಮೈಕಿಗೆ ಇನ್ನೂ ಹತ್ತಿರ ಹೋದರೆ ದನಿ ಗಡುಸಾಗಿ ಗುಂಯ್‌ಗುಡುತ್ತದೆ, ದೂರ ಸರಿದರೆ ಕೋಣೆ ಕೇಳಿಸುತ್ತದೆ. ಅತಿ ಜೋರಿನ ಸಾಲಿನಲ್ಲೂ ಮೀಟರ್ ಮೈನಸ್ 10 ಡೆಸಿಬೆಲ್ ಆಸುಪಾಸು ಇರಲಿ. 24 ಬಿಟ್‌ನಲ್ಲಿ ಸಣ್ಣ ದನಿ ಆಮೇಲೆ ಏರಿಸಿಕೊಳ್ಳಬಹುದು, ಒಡೆದ ದನಿಗೆ ಮಾತ್ರ ಪರಿಹಾರವಿಲ್ಲ.

ಪೂರ್ತಿ ಹಾಡನ್ನು ನಾಲ್ಕು ಸಲ ಹಾಡುತ್ತೇನೆ, ಸಾಲು ಸಾಲಾಗಿ ಅಲ್ಲ. ತುಂಡು ತುಂಡಾಗಿ ಹಾಡಿದರೆ ಪ್ರತಿ ಸಾಲೂ ಒಂದೇ ಉಮೇದಿನಲ್ಲಿದ್ದು ಭಾವ ಏರುವುದೇ ಇಲ್ಲ. ಮೊದಲ ಟೇಕ್ ಗಂಟಲು ಬಿಸಿಯಾಗಲು. ಉಳಿದ ಮೂರರಿಂದ ಸಾಲು ಆರಿಸಿ ಜೋಡಿಸುವಾಗ ಉಸಿರಿಗೆ ತುಸು ಮುಂಚೆ ಕತ್ತರಿಸಿ, ಉಸಿರು ಅದರದೇ ಸಾಲಿನ ಜೊತೆ ಬರಲಿ. ಜೋಡಿಸಿದ ಜಾಗಕ್ಕೆ, ಒಂದು ತುಣುಕು ಇಳಿಯುತ್ತಾ ಇನ್ನೊಂದು ಏರುವ 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಡದಿದ್ದರೆ ‘ಟಿಕ್’ ಎನ್ನುತ್ತದೆ. ಹೆಡ್‌ಫೋನಿನ ಕ್ಲಿಕ್ ಮೈಕಿಗೆ ಸೋರಿದ್ದು ಗೊತ್ತಾಗುವುದು ಹಾಡಿನ ಕೊನೆಯ ಎಳೆತದಲ್ಲಿ. ಆದ್ದರಿಂದ ಕೊನೆಯ ಬೀಟಿನಾಚೆ ಕ್ಲಿಕ್ ಮ್ಯೂಟ್ ಮಾಡಿಟ್ಟಿರುತ್ತೇನೆ.

ಮಿಕ್ಸ್‌ಗೆ ಎರಡು ಗಂಟೆ ದಾಟುವುದಿಲ್ಲ. ದನಿಯಲ್ಲಿ 90 ಹರ್ಟ್ಸ್ ಕೆಳಗಿನದು ಕತ್ತರಿಸಿ, 300ರ ಸುತ್ತ 2-3 ಡೆಸಿಬೆಲ್ ತಗ್ಗಿಸಿ, 3:1 ಕಂಪ್ರೆಷನ್ (ಜೋರು ದನಿಗೂ ಮೆಲುದನಿಗೂ ಇರುವ ಅಂತರ ತಗ್ಗಿಸುವುದು). ಸ, ಶ, ಚ ಚುಚ್ಚಿದರೆ 5ರಿಂದ 8 ಕಿಲೋಹರ್ಟ್ಸ್ ನಡುವೆ ಡಿ-ಎಸ್ಸರ್. ರಿವರ್ಬ್‌ಗೆ 30 ಮಿಲಿಸೆಕೆಂಡ್ ಪ್ರಿ-ಡಿಲೇ (ಕೋಣೆಯ ಅನುರಣನ ಶುರುವಾಗುವ ಮುಂಚಿನ ಬಿಡುವು) ಕೊಟ್ಟರೆ ಮಾತು ಮಸುಕಾಗುವುದಿಲ್ಲ. ಆಮೇಲೆ ಫೋನಿನ ಸ್ಪೀಕರಿನಲ್ಲಿ ತೀರಾ ಮೆಲ್ಲಗೆ ಹಾಕಿ, ಎರಡನೇ ಚರಣದ ಪ್ರತಿ ಪದವೂ ಸಾಹಿತ್ಯದ ಹಾಳೆ ನೋಡದೆ ತಿಳಿಯುತ್ತದೆಯೇ ಎಂದು ಕೇಳುತ್ತೇನೆ. ತಿಳಿಯದಿದ್ದರೆ ದನಿ ಏರಿಸುವ ಬದಲು ಅದೇ ಜಾಗದ ಗಿಟಾರನ್ನು ಒಂದೆರಡು ಡೆಸಿಬೆಲ್ ಇಳಿಸುತ್ತೇನೆ. ಅಂತಿಮ ಫೈಲಿನ ಒಟ್ಟಾರೆ ಜೋರು ಮೈನಸ್ 14 ಎಲ್‌ಯುಎಫ್‌ಎಸ್, ಟ್ರೂ ಪೀಕ್ (ದನಿಯ ಅತಿ ಎತ್ತರದ ಬಿಂದು) ಮೈನಸ್ 1 ಡೆಸಿಬೆಲ್.

ಭಾನುವಾರ ಫೋಲ್ಡರಿಗೆ ವಾರದ ಸಂಖ್ಯೆ, ಶ್ರುತಿ, ಬಿಪಿಎಂ ಸೇರಿಸಿ ಹೆಸರಿಟ್ಟು ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತೇನೆ. ಬಳಸದೆ ಉಳಿದ ಗುನುಗುಗಳನ್ನು ಪ್ರತ್ಯೇಕ ಫೋಲ್ಡರಿಗೆ ಹಾಕಿಟ್ಟು, ಸೋಮವಾರ ಹೊಸದೇನೂ ಬಾಯಿಗೆ ಬಾರದಿದ್ದರೆ ಅಲ್ಲಿಂದ ಒಂದನ್ನು ಎತ್ತಿಕೊಳ್ಳುತ್ತೇನೆ.