ಆಯಿಲ್ ಒತ್ತಡ ಕುಸಿದರೆ ಜನರೇಟರ್ ತಾನಾಗಿ ನಿಲ್ಲಲು ವೈರಿಂಗ್ ಹೇಗೆ?

ಜನರೇಟರ್ ಓಡುತ್ತಿರುವಷ್ಟು ಹೊತ್ತೂ ಅದರ ಪಕ್ಕದಲ್ಲಿ ಯಾರಾದರೂ ನಿಂತಿರುವುದು ಅಪರೂಪ. ಎಂಜಿನ್ ಆಯಿಲಿನ ಒತ್ತಡ ಕುಸಿದರೆ ಕ್ರ್ಯಾಂಕ್‌ಶಾಫ್ಟ್‌ಗೂ ಬೇರಿಂಗ್‌ಗೂ ನಡುವಿನ ಎಣ್ಣೆಯ ತೆಳುಪದರ ಹರಿದು, ಲೋಹಕ್ಕೆ ಲೋಹ ಉಜ್ಜಿ, ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಹಿಡಿದುಕೊಳ್ಳುತ್ತದೆ. ನೋಡುವವರಿಲ್ಲದ ಕಡೆ ಕೆಂಪು ದೀಪ ಉರಿದು ಪ್ರಯೋಜನವಿಲ್ಲ; ಎಂಜಿನ್ ತಾನಾಗಿಯೇ ನಿಲ್ಲಬೇಕು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದಿರುವುದರಿಂದ ಅದನ್ನು ನಿಲ್ಲಿಸಲು ಇಂಧನವನ್ನೇ ತಡೆಯಬೇಕು, ಅಂದರೆ ಇಂಧನದ ಸೊಲೆನಾಯ್ಡ್ (ವಿದ್ಯುತ್ತಿನಿಂದ ಎಳೆದು ಇಂಧನದ ದಾರಿ ತೆರೆಯುವ ಅಥವಾ ಮುಚ್ಚುವ ಕಾಯಿಲ್) ಮೇಲೆ ನಮ್ಮ ಹಿಡಿತವಿರಬೇಕು.

ಸೊಲೆನಾಯ್ಡ್‌ಗಳಲ್ಲಿ ಎರಡು ಬಗೆ. ಒಂದಕ್ಕೆ ವಿದ್ಯುತ್ ಇರುವವರೆಗೆ ಎಂಜಿನ್ ಓಡುತ್ತದೆ, ವಿದ್ಯುತ್ ತಪ್ಪಿದರೆ ನಿಲ್ಲುತ್ತದೆ. ಇನ್ನೊಂದು ಇದಕ್ಕೆ ತದ್ವಿರುದ್ಧ: ವಿದ್ಯುತ್ ಕೊಟ್ಟಾಗ ಮಾತ್ರ ಅದು ಎಂಜಿನ್ನನ್ನು ನಿಲ್ಲಿಸುತ್ತದೆ. ಎರಡನೆಯ ಬಗೆಯಲ್ಲಿ ಒಂದು ತಂತಿ ತುಂಡಾದರೂ ರಕ್ಷಣೆ ಸದ್ದಿಲ್ಲದೆ ಇಲ್ಲವಾಗುತ್ತದೆ, ಬೇರಿಂಗ್ ಹೋಗುವ ದಿನದವರೆಗೂ ಅದು ಗೊತ್ತಾಗುವುದಿಲ್ಲ. ಮೊದಲನೆಯದರಲ್ಲಿ ತಂತಿ ತುಂಡಾದರೂ, ಲಗ್ ಸಡಿಲವಾದರೂ, ಫ್ಯೂಸ್ ಹೋದರೂ ಎಂಜಿನ್ ನಿಲ್ಲುತ್ತದೆ. ಕಾರಣವಿಲ್ಲದೆ ಒಮ್ಮೆ ನಿಂತರೆ ಕಿರಿಕಿರಿಯಷ್ಟೇ, ನಿಲ್ಲಬೇಕಾದಾಗ ನಿಲ್ಲದಿದ್ದರೆ ಎಂಜಿನ್ನೇ ಹೋಗುತ್ತದೆ. ಆದ್ದರಿಂದ ಇಲ್ಲಿ ವಿವರಿಸುವುದು ಮೊದಲ ಬಗೆಯ ವೈರಿಂಗ್, ಅದೂ 12 ವೋಲ್ಟ್ ಬ್ಯಾಟರಿಯ ಸರಳ ಎಂಜಿನ್ನಿಗೆ. ಕಂಪ್ಯೂಟರ್ ನಿಯಂತ್ರಣದ ಎಂಜಿನ್ ಅಥವಾ ಸಿದ್ಧ ಕಂಟ್ರೋಲರ್ ಇರುವ ಜನರೇಟರ್ ಆಗಿದ್ದರೆ ಪ್ರೆಶರ್ ಸ್ವಿಚ್ಚನ್ನು (ಆಯಿಲ್ ಒತ್ತಡಕ್ಕೆ ತಕ್ಕಂತೆ ಕೂಡಿ ಬಿಡುವ ಸ್ವಿಚ್) ಅದರ ಇನ್‌ಪುಟ್‌ಗೆ ಕೊಡುವುದೇ ಸರಿ. ಅಲ್ಲಿ ಹೊಸ ರಿಲೇ (ವಿದ್ಯುತ್ತಿನಿಂದಲೇ ಆನ್-ಆಫ್ ಆಗುವ ಸ್ವಿಚ್) ತೂರಿಸಲು ಹೋಗಬಾರದು.

ಸ್ವಿಚ್ಚಿನ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಎಚ್ಚರಿಕೆ ದೀಪಕ್ಕೆಂದು ಬರುವ ಒಂದೇ ಟರ್ಮಿನಲ್ಲಿನ ಸ್ವಿಚ್, ಒತ್ತಡ ಇಲ್ಲದಾಗ ಎಂಜಿನ್ ಬಾಡಿಗೆ ಕೂಡಿಕೊಂಡು, ಒತ್ತಡ ಬಂದಾಗ ಬಿಟ್ಟುಕೊಳ್ಳುತ್ತದೆ. ನಮಗೆ ಬೇಕಾದದ್ದು ಇದರ ಉಲ್ಟಾ: ಎರಡು ಟರ್ಮಿನಲ್ಲುಗಳಿದ್ದು, ಎರಡೂ ಬಾಡಿಯಿಂದ ಬೇರ್ಪಟ್ಟಿದ್ದು, ಒತ್ತಡ ಬಂದಾಗ ಕೂಡಿಕೊಳ್ಳುವ ಸ್ವಿಚ್. ಎಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳಬೇಕೆಂಬುದನ್ನು ಎಂಜಿನ್ನಿನ ಕೈಪಿಡಿಯೇ ಹೇಳಬೇಕು. ಸಣ್ಣ ಎಂಜಿನ್ನುಗಳಲ್ಲಿ ಅದು 1 ಬಾರ್ ಆಸುಪಾಸಿನಲ್ಲಿರುವುದು ಸಾಮಾನ್ಯ. ವಾಹನದ ಎಂಜಿನ್ ಐಡ್ಲಿಂಗ್‌ನಲ್ಲಿ ನಿಂತಾಗ ಒತ್ತಡ ಬಹಳ ಇಳಿಯುವುದರಿಂದ ಅದರ ದೀಪದ ಸ್ವಿಚ್ಚನ್ನು ತೀರಾ ಕೆಳಮಟ್ಟಕ್ಕೆ ಹೊಂದಿಸಿರುತ್ತಾರೆ. ಜನರೇಟರ್ ಒಂದೇ ವೇಗದಲ್ಲಿ, 50 ಹರ್ಟ್ಸ್‌ಗಾದರೆ ನಿಮಿಷಕ್ಕೆ 1500 ಅಥವಾ 3000 ಸುತ್ತು, ಓಡುವುದರಿಂದ ಅಷ್ಟು ಕೆಳಗಿಳಿಯಬೇಕಾದ ಅಗತ್ಯವಿಲ್ಲ.

ಸ್ವಿಚ್ ಕೂರಿಸುವಾಗ ಆಯಿಲ್ ಗ್ಯಾಲರಿಯ (ಎಂಜಿನ್ನೊಳಗೆ ಆಯಿಲ್ ಹರಿಯುವ ದಾರಿ) ಥ್ರೆಡ್ ಯಾವುದೆಂದು ಅಳೆದು ನೋಡಿ. ಬಿಎಸ್‌ಪಿ (ಬ್ರಿಟಿಷ್ ಮಾದರಿ) ಮತ್ತು ಎನ್‌ಪಿಟಿ (ಅಮೆರಿಕನ್ ಮಾದರಿ) ಪೈಪ್ ಥ್ರೆಡ್‌ಗಳು ಸಣ್ಣ ಅಳತೆಯಲ್ಲಿ ಒಂದಕ್ಕೊಂದು ಎರಡು ಸುತ್ತು ಹಿಡಿದಂತೆ ಕಂಡು, ಮುಂದೆ ಸೋರುತ್ತವೆ. ಇರುವ ಗೇಜ್ ಸೆಂಡರಿನ (ಒತ್ತಡದ ಗೇಜಿಗೆ ಸಂಕೇತ ಕಳಿಸುವ ಭಾಗ) ಜೊತೆಗೆ ಸ್ವಿಚ್ಚೂ ಬೇಕೆಂದು ಹಿತ್ತಾಳೆಯ ಟೀಯನ್ನು (T ಆಕಾರದ ಕವಲು ಜೋಡಣೆ) ನೇರವಾಗಿ ಎಂಜಿನ್ ಬ್ಲಾಕಿಗೆ ತಿರುಗಿಸಿ, ಅದಕ್ಕೆ ಎರಡನ್ನೂ ನೇತುಹಾಕುವವರಿದ್ದಾರೆ. ಕಂಪನಕ್ಕೆ ಬ್ಲಾಕಿಗೂ ಟೀಗೂ ನಡುವಿನ ನಿಪ್ಪಲ್ (ಸಣ್ಣ ಕೊಳವೆ) ದಣಿದು ಮುರಿದರೆ ಆಯಿಲ್ ಚಿಮ್ಮಿ ಹೊರಹೋಗುತ್ತದೆ. ರಕ್ಷಣೆಗೆಂದು ಹಾಕಿದ್ದೇ ಎಂಜಿನ್ನಿಗೆ ಮುಳುವಾಗುತ್ತದೆ. ಆಯಿಲಿಗೆಂದೇ ಮಾಡಿದ ಸಣ್ಣ ಹೋಸ್ ಎಳೆದು, ಟೀಯನ್ನು ಚಾಸಿಗೆ ಭದ್ರಪಡಿಸುವುದು ಕ್ಷೇಮ.

ವೈರಿಂಗ್ ಆರಂಭಿಸುವ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ವಿದ್ಯುತ್ ಹೋದಾಗ ತಾನಾಗಿ ಸ್ಟಾರ್ಟ್ ಆಗುವ ವ್ಯವಸ್ಥೆ ಇದ್ದರೆ ಅದನ್ನು ಆಫ್ ಸ್ಥಾನಕ್ಕೆ ತಿರುಗಿಸಿ. ಬೇಕಾದ ಸಾಮಾನು ಹೆಚ್ಚಿಲ್ಲ: ಐದು ಪಿನ್ನಿನ ಆಟೋ ರಿಲೇ (85, 86 ಅದರ ಕಾಯಿಲಿನ ತುದಿಗಳು; ಕಾಯಿಲಿಗೆ ವಿದ್ಯುತ್ ಇದ್ದಾಗ 30 ಕೂಡುವುದು 87ಕ್ಕೆ, ಇಲ್ಲದಾಗ 87ಎಗೆ), ಪವರ್ ಬಂದ ನಂತರ ಹೊತ್ತು ಎಣಿಸಿ ಕಾಂಟ್ಯಾಕ್ಟ್ ಬದಲಿಸುವ 12 ವೋಲ್ಟ್ ಟೈಮರ್, ಫ್ಯೂಸ್, ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಕೆಂಪು ದೀಪ, 1.5 ಚದರ ಮಿಲಿಮೀಟರಿನ ಬಹುಎಳೆಯ ವೈರ್. ಟೈಮರ್ ಏಕೆಂದರೆ, ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಆಯಿಲ್ ಒತ್ತಡವೇ ಇರುವುದಿಲ್ಲ. ಆ ಕೆಲವು ಸೆಕೆಂಡು ಸ್ವಿಚ್ಚಿನ ಮಾತನ್ನು ಕೇಳದಿರಲು ಯಾವುದಾದರೂ ಏರ್ಪಾಡು ಬೇಕು.

ಮೊದಲಿಗೆ, ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಹಾಕಿ, ಅಲ್ಲಿಂದ ಕೀ ಸ್ವಿಚ್ಚಿಗೆ ಒಯ್ಯಿರಿ. ಕೀ ಸ್ವಿಚ್ ದಾಟಿ ಬಂದ ತಂತಿಯನ್ನು ಮೂರು ಕಡೆ ಕೊಡಬೇಕು: ರಿಲೇಯ 30ನೇ ಪಿನ್ನಿಗೆ, ಟೈಮರಿನ ಪಾಸಿಟಿವ್‌ಗೆ ಮತ್ತು ಟೈಮರ್ ಕಾಂಟ್ಯಾಕ್ಟಿನ ಕಾಮನ್‌ಗೆ. ಟೈಮರಿನ ನಾರ್ಮಲಿ ಕ್ಲೋಸ್ಡ್ (ಹೊತ್ತು ಮುಗಿಯುವವರೆಗೆ ಕಾಮನ್‌ಗೆ ಕೂಡಿಕೊಂಡಿರುವ) ತುದಿಯಿಂದ ರಿಲೇಯ 86ಕ್ಕೆ ತಂತಿ ಎಳೆಯಿರಿ. 85 ಹಾಗೂ ಟೈಮರಿನ ನೆಗೆಟಿವ್ ಎರಡೂ ಬ್ಯಾಟರಿಯ ನೆಗೆಟಿವ್‌ಗೆ ಹೋಗಲಿ. 87ರಿಂದ ಸೊಲೆನಾಯ್ಡ್‌ಗೆ ಪವರ್, 87ಎಯಿಂದ ಕೆಂಪು ದೀಪಕ್ಕೆ.

ಇನ್ನು ಉಳಿದದ್ದು ಪ್ರೆಶರ್ ಸ್ವಿಚ್. ಅದರ ಒಂದು ಟರ್ಮಿನಲ್ 87ಕ್ಕೆ, ಇನ್ನೊಂದು 86ಕ್ಕೆ. ಇಡೀ ಸರ್ಕ್ಯೂಟಿನ ಜಾಣತನ ಇರುವುದು ಇಲ್ಲೇ. ಟೈಮರ್ ಬಿಟ್ಟುಕೊಂಡ ಮೇಲೆ ರಿಲೇ ತನ್ನದೇ ಔಟ್‌ಪುಟ್ಟಿನಿಂದ, ಪ್ರೆಶರ್ ಸ್ವಿಚ್ಚಿನ ಮೂಲಕ, ತನ್ನ ಕಾಯಿಲ್‌ಗೆ ವಿದ್ಯುತ್ ಪಡೆಯುತ್ತಿರುತ್ತದೆ. ಒತ್ತಡ ಕುಸಿದು ರಿಲೇ ಒಮ್ಮೆ ಬಿಟ್ಟುಕೊಂಡರೆ 87ರಲ್ಲಿ ವಿದ್ಯುತ್ ಇರುವುದಿಲ್ಲವಾದ್ದರಿಂದ, ಒತ್ತಡ ಕ್ಷಣಕಾಲ ಮರಳಿ ಬಂದರೂ ಅದು ಮತ್ತೆ ಹಿಡಿಯಲಾರದು. ಕೀ ಆಫ್ ಮಾಡಿ ಮತ್ತೆ ಆನ್ ಮಾಡಲೇಬೇಕು. 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರವಾಗಿ ಪವರ್ ಕೊಟ್ಟರೆ ಮಾತ್ರ ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡುತ್ತಲೇ ಇರುತ್ತದೆ, ಆ ತಪ್ಪಾಗದಿರಲಿ.

ಸೊಲೆನಾಯ್ಡ್‌ನ ಎರಡು ತುದಿಗಳಿಗೆ ಅಡ್ಡಲಾಗಿ ಡಯೋಡ್ ಹಾಕಿ, ಪಟ್ಟೆ ಇರುವ ತುದಿ ಪಾಸಿಟಿವ್ ಕಡೆಗಿರಲಿ. ಇದಿಲ್ಲದಿದ್ದರೆ ಸೊಲೆನಾಯ್ಡ್ ಬಿಡುವಾಗ ಹುಟ್ಟುವ ಕಿಡಿ ರಿಲೇಯ ಕಾಂಟ್ಯಾಕ್ಟನ್ನು ತಿನ್ನುತ್ತದೆ; ತಿರುವುಮುರುವಾಗಿ ಹಾಕಿದರೆ ಕೀ ಆನ್ ಮಾಡಿದೊಡನೆ ಫ್ಯೂಸ್ ಹೋಗುತ್ತದೆ. ಸೊಲೆನಾಯ್ಡ್‌ಗೆ ಮೂರು ತಂತಿಗಳಿದ್ದರೆ ಅದರಲ್ಲಿ ಎಳೆಯುವ ಕಾಯಿಲ್ ಬೇರೆ, ಹಿಡಿದಿಡುವ ಕಾಯಿಲ್ ಬೇರೆ. ಎಳೆಯುವ ಕಾಯಿಲ್ ಹತ್ತಾರು ಆಂಪಿಯರ್ ಸೆಳೆಯುವುದರಿಂದ ಅದಕ್ಕೆ ಸ್ಟಾರ್ಟರ್ ಕಡೆಯಿಂದ ಪ್ರತ್ಯೇಕ ರಿಲೇ ಬೇಕು. ನಮ್ಮ 87ಕ್ಕೆ ಬರಬೇಕಾದದ್ದು ಹಿಡಿದಿಡುವ ಕಾಯಿಲ್ ಮಾತ್ರ.

ರಿಲೇ ಮತ್ತು ಟೈಮರನ್ನು ಎಂಜಿನ್ನಿನ ಮೇಲಲ್ಲ, ಪ್ಯಾನೆಲ್ಲಿನಲ್ಲಿ ಕೂರಿಸಿ. ತಂತಿಗಳು ಸೈಲೆನ್ಸರಿನಿಂದ ದೂರವಿರಲಿ.

ಟೈಮರನ್ನು 15 ಸೆಕೆಂಡಿಗೆ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಸೊಲೆನಾಯ್ಡ್ ಟಕ್ ಎಂದು ಹಿಡಿಯಬೇಕು. 15 ಸೆಕೆಂಡಿನ ನಂತರ ಮತ್ತೆ ಟಕ್ ಎಂದು ಬಿಟ್ಟು, ಕೆಂಪು ದೀಪ ಹೊತ್ತಿಕೊಳ್ಳಬೇಕು. ಎರಡನೆಯ ಸದ್ದು ಬಾರದಿದ್ದರೆ ಪ್ರೆಶರ್ ಸ್ವಿಚ್ ಅಂಟಿಕೊಂಡಿದೆ, ಇಲ್ಲವೇ ಟೈಮರ್ ಕೆಟ್ಟಿದೆ. ಒಂದು ಹನಿ ಡೀಸೆಲ್ ಖರ್ಚಾಗದ ಈ ಪರೀಕ್ಷೆಯನ್ನು ಆಗಾಗ ಮಾಡುತ್ತಿರಬೇಕು. ನಂತರ ಲೋಡ್ ಇಲ್ಲದೆ ಎಂಜಿನ್ ಓಡಿಸಿ, ಟೈಮರ್ ಮುಗಿದ ಮೇಲೆ ಪ್ರೆಶರ್ ಸ್ವಿಚ್ಚಿನ ಒಂದು ತಂತಿ ಕಿತ್ತರೆ ಎಂಜಿನ್ ನಿಲ್ಲಬೇಕು. ಹೊಗೆ ಹೊರಹೋಗಲು ದಾರಿಯಿಲ್ಲದ ಕೋಣೆಯಲ್ಲಿ ಇದನ್ನು ಮಾಡಬೇಡಿ. ಗ್ಲೋ ಪ್ಲಗ್ (ಸ್ಟಾರ್ಟಿಗೆ ಮುನ್ನ ಎಂಜಿನ್ನೊಳಗನ್ನು ಬಿಸಿ ಮಾಡುವ ಪ್ಲಗ್) ಕಾಯಿಸಬೇಕಾದ ಎಂಜಿನ್ನಿಗೆ 15 ಸೆಕೆಂಡು ಸಾಲದೆ ಹೋಗಬಹುದು. ಆಗ ಅವಧಿಯನ್ನು ಅಗತ್ಯವಿದ್ದಷ್ಟೇ ಹೆಚ್ಚಿಸಿ, ಏಕೆಂದರೆ ಆ ಅವಧಿಯಲ್ಲಿ ಎಂಜಿನ್ನಿಗೆ ಈ ರಕ್ಷಣೆ ಇರುವುದಿಲ್ಲ.

ಕೆಂಪು ದೀಪವನ್ನು ಪೂರ್ತಿ ನಂಬುವಂತಿಲ್ಲ. ಡೀಸೆಲ್ ಮುಗಿದು ಎಂಜಿನ್ ನಿಂತರೂ ಒತ್ತಡ ಇಳಿಯುವುದರಿಂದ ಅದು ಉರಿದೇ ಉರಿಯುತ್ತದೆ. ಆದ್ದರಿಂದ ದೀಪ ಕಂಡಾಗ ಮೊದಲು ಟ್ಯಾಂಕ್, ಬಳಿಕ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಸರಿಯಿದ್ದೂ ನಿಂತಿದ್ದರೆ, ಅದು ಡೀಸೆಲ್ ಬೆರೆತು ತೆಳುವಾಗಿದೆಯೇ ಎಂದು ಬೆರಳಿಗೆ ಹಚ್ಚಿ ಮೂಸಿ ನೋಡಿ. ಅದೂ ಅಲ್ಲವಾದರೆ ಸ್ವಿಚ್ಚಿನ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ತಿರುಗಿಸಿ, ಸ್ಟಾರ್ಟರ್‌ನಿಂದ ಸುತ್ತಿಸಿದಾಗ ಮುಳ್ಳು ಏಳುತ್ತದೆಯೇ ಎಂದು ಗಮನಿಸಿ. ಏಳದಿದ್ದರೆ ಎಂಜಿನ್ನನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಒಪ್ಪಿಸಿ.